ಪರಿಷೆಯಲ್ಲಿ ಮೂರು ದಿನ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳು ಬೇಸಾಯದ ಹಳ್ಳಿಗಳಾಗಿದ್ದ ಕಾಲದಲ್ಲಿ, ಬೆಳೆದ ಕಡಲೆಕಾಯಿಯನ್ನು ರಾತ್ರಿ ಬಂದು ತಿಂದುಹೋಗುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ರೈತರು ಮೊದಲ ಫಸಲನ್ನು ಅವನಿಗೇ ಒಪ್ಪಿಸತೊಡಗಿದರೆಂದು ಕಥೆ. ಹಳ್ಳಿಗಳು ನಗರದಲ್ಲಿ ಕರಗಿಹೋದವು. ಹೊಲಗಳ ಮೇಲೆ ಮನೆಗಳೆದ್ದವು. ಕಡಲೆಕಾಯಿ ಮಾತ್ರ ಎಲ್ಲೆಲ್ಲಿಂದಲೋ ಗಾಡಿಗಳಲ್ಲಿ ಬಂದು ಇಂದಿಗೂ ದೊಡ್ಡಬಸವನ ಮುಂದಿನ ರಸ್ತೆಯಲ್ಲಿ ರಾಶಿ ಬೀಳುತ್ತದೆ. ಒಂದು ದಿನದ ಪರಿಷೆ ಈಚಿನ ವರ್ಷಗಳಲ್ಲಿ ಹಿಂದುಮುಂದಿನ ದಿನಗಳಿಗೂ ಹಬ್ಬಿದೆ. ಕಡಲೆಕಾಯಿಯ ಜೊತೆಗೆ ಬಳೆ, ಬತ್ತಾಸು, ಮಣ್ಣಿನ ಹಣತೆ, ಬಿದಿರಿನ ಪೀಪಿ, ಮರದ ಗೊಂಬೆ ಇವೆಲ್ಲವೂ ಬರುತ್ತವೆ.

ನಾನು ಚಿಕ್ಕಂದಿನಿಂದಲೂ ಈ ಪರಿಷೆಗೆ ಹೋದವನು. ಆದರೆ ಅರುವತ್ತು ವರ್ಷ ಕೊಳ್ಳುವವನಾಗಿಯೇ ಹೋಗಿದ್ದೆ. ಅಂಗಡಿಯ ಆಚೆಯ ಬದಿಯಲ್ಲಿ, ಅಂದರೆ ಮಾರುವವರ ಬದಿಯಲ್ಲಿ ಕುಳಿತು ಪರಿಷೆಯನ್ನು ಕಂಡದ್ದು ಒಮ್ಮೆ ಮಾತ್ರ, 2022ರಲ್ಲಿ. ಆ ಸಲ ಸೋಮವಾರ ನವೆಂಬರ್ 21ಕ್ಕೆ ಬಿದ್ದಿತ್ತು. ಹಿಂದಿನ ಭಾನುವಾರ ಮತ್ತು ಮರುದಿನದ ಮಂಗಳವಾರವೂ ಸೇರಿ ಮೂರು ದಿನ ನಾನು ಗೊಂಬೆಯಂಗಡಿಯೊಂದರ ಲೆಕ್ಕದ ಗುಮಾಸ್ತನಾಗಿದ್ದೆ.

ಅಂಗಡಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಚನ್ನಪಟ್ಟಣದ ಸಮೀಪದ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಸೀಮೆಸುಣ್ಣದ ತುಂಡುಗಳನ್ನು ಬ್ಲೇಡಿನಿಂದ ಕೆತ್ತುತ್ತಿದ್ದ. ಅದಕ್ಕಾಗಿ ನನ್ನಿಂದ ಏಟು ತಿಂದದ್ದೂ ಉಂಟು. ಆ ಏಟುಗಳ ಬಗ್ಗೆ ನನಗೆ ಈಗ ಹೆಮ್ಮೆಯಿಲ್ಲ. ಅವನ ತಾತ, ತಂದೆ ಇಬ್ಬರೂ ಮರದ ಗೊಂಬೆ ಕಡೆಯುವವರು. ಅವನೂ ಅದನ್ನೇ ಹಿಡಿದ. ಅವನ ಮಗ ಡಿಪ್ಲೊಮಾ ಮುಗಿಸಿದ್ದಾನೆ. ಬಿಡದಿಯ ಕಡೆಯ ಕಾರ್ಖಾನೆಯೊಂದರಿಂದ ಅವನಿಗೆ ತಿಂಗಳಿಗೆ ಹದಿನಾರು ಸಾವಿರ ರೂಪಾಯಿಯ ಕೆಲಸಕ್ಕೆ ಕರೆ ಬಂದಿತ್ತು. "ಮೇಷ್ಟ್ರೆ, ಪರಿಷೆ ಮುಗಿದ ಮೇಲೆ ಹೇಳುತ್ತೇನೆ ಎನ್ನುತ್ತಾನೆ. ಈ ಮೂರು ದಿನ ಲೆಕ್ಕ ನೀವು ಬರೆಯಿರಿ. ನಾನು ಬರೆದರೆ ಅವನು ನಂಬುವುದಿಲ್ಲ" ಎಂದು ತಂದೆ ಕೇಳಿಕೊಂಡ. ನಾನು ಒಪ್ಪಿದೆ. ಲೆಕ್ಕಕ್ಕೆ ಮೊದಲು ಸರಕನ್ನು ತಿಳಿಯಬೇಕಷ್ಟೆ. ಆದ್ದರಿಂದ ಒಂದು ತಿಂಗಳು ಮುಂಚೆಯೇ ಅವನ ಕೆಲಸದ ಮನೆಗೆ ಹೋಗಿ ಬಂದೆ.

ಚನ್ನಪಟ್ಟಣ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂದು ಪ್ರತೀತಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ತಂತ್ರಗಳನ್ನು ಅಳವಡಿಸಿ ಕೆಲಸವನ್ನು ತಿದ್ದಿದರೆಂದು ಅಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಎಂದರೆ, ಬೇರೆಡೆ ಮಾಡಿದ ಆಟಿಕೆಯನ್ನು ಆ ಹೆಸರಿನಿಂದ ಮಾರುವಂತಿಲ್ಲ. ಮಾರುವಂತಿಲ್ಲ ಎಂಬುದು ಕಾನೂನು. ಮಾರುವುದಿಲ್ಲ ಎಂದು ನಾನು ಹೇಳಲಾರೆ.

ಗೊಂಬೆಗೆ ಬಳಸುವುದು ಆಲೆ ಮರ. ಇದನ್ನು ಆಲದ ಮರವೆಂದು ತಿಳಿಯುವವರುಂಟು. ಅದು ಬೇರೆ, ಇದು ಬೇರೆ. ಆಲೆಯ ಕಟ್ಟಿಗೆ ದಂತದಂತೆ ಬೆಳ್ಳಗಿರುತ್ತದೆ. ಎಳೆಗಳು ಒತ್ತಾಗಿರುವುದರಿಂದ ಉಳಿಗೆ ಸಿಬಿರೇಳದೆ ನುಣ್ಣಗೆ ಕಡೆಯಲು ಬರುತ್ತದೆ. ಕಡಿದ ಕೊಂಬೆಗಳನ್ನು ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸಬೇಕು. ಅವಸರ ಮಾಡಿ ಹಸಿ ಮರವನ್ನು ಕಡೆದರೆ ಗೊಂಬೆ ಕೊಂಡವರ ಮನೆ ಸೇರಿದ ಮೇಲೆ ಬಿರಿಯುತ್ತದೆ. "ಒಣಗದ ಮರ ಬಾಯಿ ಬಿಡುತ್ತದೆ ಮೇಷ್ಟ್ರೆ, ನಮ್ಮ ಮಾನ ಹೋಗುತ್ತದೆ" ಎಂದು ಅವನು ನಕ್ಕ.

ಕಡೆಯುವುದು ಎಂಬ ಮಾತನ್ನು ಗಮನಿಸಿ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಎರಡಕ್ಕೂ ಒಂದೇ ಮಾತು ಏಕೆಂಬುದು ಹಳೆಯ ಬಿಲ್ಲಿನ ತಿರುಗಣೆಯನ್ನು ಕಂಡೊಡನೆ ನನಗೆ ಹೊಳೆಯಿತು. ಎರಡು ಮೊಳೆಗಳ ನಡುವೆ ಮರದ ತುಂಡನ್ನು ಹಿಡಿಸಿ, ಅದಕ್ಕೆ ಬಿಲ್ಲಿನ ಹಗ್ಗವನ್ನು ಒಂದು ಸುತ್ತು ಸುತ್ತಿ ಎಳೆದು ಬಿಡುತ್ತಾರೆ. ಮರ ಕಡೆಗೋಲಿನಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತದೆ. ತನ್ನತ್ತ ತಿರುಗುವಾಗ ಮಾತ್ರ ಉಳಿ ಹಿಡಿಯಬೇಕು. ಆಚೆ ತಿರುಗುವಾಗ ಹಿಂದೆಗೆಯಬೇಕು. ತಾತನ ಕಾಲದ ಈ ಪುಟ್ಟ ತಿರುಗಣೆ ಅವನ ಅಟ್ಟದ ಮೇಲಿತ್ತು. ದಿನದ ಕೆಲಸವೆಲ್ಲ ವಿದ್ಯುತ್ತಿನ ಲೇತ್ ಯಂತ್ರದ ಮೇಲೆ ನಡೆಯುತ್ತದೆ.

ಆಕಾರ ಮೂಡಿದ ಮೇಲೆ ಬಣ್ಣ. ಬಣ್ಣ ಬಳಿಯಲು ಕುಂಚವಿಲ್ಲ. ಅರಗಿನ ಕೀಟಗಳು ಮರದ ರೆಂಬೆಗಳ ಮೇಲೆ ಸ್ರವಿಸುವ ಅಂಟೇ ಅರಗು. ಪಾಂಡವರನ್ನು ಸುಡಲೆಂದು ಮನೆ ಕಟ್ಟಿಸಿದರಲ್ಲ, ಅದೇ ಅರಗು. ಅದನ್ನು ಕಾಯಿಸಿ ಬಣ್ಣ ಬೆರೆಸಿ ಕಡ್ಡಿಗಳನ್ನಾಗಿ ಮಾಡಿಟ್ಟುಕೊಳ್ಳುತ್ತಾರೆ. ಅರಿಶಿನದಿಂದ ಹಳದಿ, ನೀಲಿಯಿಂದ ನೀಲಿ, ಎರಡೂ ಕೂಡಿ ಹಸುರು, ಕುಂಕುಮದಿಂದ ಕೆಂಪು, ಕಾಚಿನಿಂದ ಕಂದು. ವೇಗವಾಗಿ ತಿರುಗುವ ಗೊಂಬೆಗೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಅರಮನೆಯನ್ನು ಸುಡಬಲ್ಲ ಗುಣವೇ ಇಲ್ಲಿ ಗೊಂಬೆಗೆ ಅಂಗಿ ತೊಡಿಸುತ್ತದೆ! ಆಮೇಲೆ ತಾಳೆಗರಿಯ ತುಂಡನ್ನು ಹಿಡಿದು ಉಜ್ಜಿದರೆ ಗಾಜಿನ ಹೊಳಪು. ಬಣ್ಣ ಮರಕ್ಕೆ ಬಿಸಿಯಾಗಿ ಬೆಸೆದುಕೊಂಡಿರುವುದರಿಂದ ಕುಂಚದ ಗೆರೆ ಕಾಣುವುದಿಲ್ಲ, ಸಿಪ್ಪೆಯಾಗಿ ಏಳುವುದೂ ಇಲ್ಲ.

ಇನ್ನು ಅಂಗಡಿಯ ವಿಷಯ. ಭಾನುವಾರ ಬೆಳಗಿನ ಜಾವ ಟೆಂಪೊದಲ್ಲಿ ಸರಕು ಬಂದಿತು. ಗಿಲಕಿ, ಬುಗುರಿ, ಎತ್ತಿನ ಗಾಡಿ, ಚದುರಂಗದ ಕಾಯಿ, ಒಂದರ ಮೇಲೊಂದು ಏರಿಸುವ ಏಳು ಬಳೆಗಳ ಗೋಪುರ ಇವೆಲ್ಲ ಸೇರಿ ನಾನೂರಕ್ಕೂ ಮಿಕ್ಕಿದ ತುಂಡುಗಳು. ಎರಡು ಹಲಗೆಗಳನ್ನು ಇಟ್ಟಿಗೆಯ ಮೇಲೆ ತಗ್ಗಾಗಿ ಹಾಕಿದರು. ಇಷ್ಟು ತಗ್ಗೇಕೆಂದು ಕೇಳಿದೆ. "ಗೊಂಬೆ ನೋಡಬೇಕಾದವರು ಇಷ್ಟೆತ್ತರ ಇರುತ್ತಾರೆ" ಎಂದು ಕೈಯನ್ನು ಮೊಣಕಾಲಿನಿಂದ ಸ್ವಲ್ಪ ಮೇಲೆ ಹಿಡಿದು ತೋರಿಸಿದ. ಬಿಸಿಲು ಬೀಳದಂತೆ ಮೇಲೊಂದು ಬಟ್ಟೆ ಕಟ್ಟಿದ. ಬಿರುಬಿಸಿಲಿಗೆ ಅರಗಿನ ಮೆರುಗು ಮಂಕಾಗುತ್ತದೆ.

ಮಧ್ಯಾಹ್ನದವರೆಗೆ ವ್ಯಾಪಾರವೇ ಇಲ್ಲ. ಜನಪ್ರವಾಹ ಕಡಲೆಕಾಯಿಯ ರಾಶಿಗಳತ್ತ ಹರಿಯುತ್ತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಆಟಿಕೆಗಳ ಅಂಗಡಿ. ಯಾವುದನ್ನು ಎತ್ತಿದರೂ ನಲವತ್ತು ರೂಪಾಯಿ ಎಂದು ಧ್ವನಿವರ್ಧಕವೊಂದು ಬಿಡುವಿಲ್ಲದೆ ಕೂಗುತ್ತಿತ್ತು. ನಮ್ಮಲ್ಲಿಗೆ ಬಂದವರು ಎತ್ತಿ ನೋಡಿ, ಬೆಲೆ ಕೇಳಿ, ಆ ಧ್ವನಿಯ ಕಡೆಗೆ ನಡೆಯುತ್ತಿದ್ದರು. ತಂದೆ ಒಂದು ಬುಗುರಿಯನ್ನು ಹಲಗೆಯ ಮೇಲೆ ಆಡಿಸಿದ. ನಾಲ್ಕು ಹುಡುಗರು ನಿಂತರು. ಬುಗುರಿ ಮಲಗುವವರೆಗೆ ನೋಡಿ ಅವರೂ ಹೋದರು.

ಆಗ ಮಗನು ಟೆಂಪೊದ ಮೂಲೆಯಲ್ಲಿದ್ದ ಬಿಲ್ಲಿನ ತಿರುಗಣೆಯನ್ನು ತಂದು ಅಂಗಡಿಯ ಮುಂದಿಟ್ಟ. "ಸುಮ್ಮನೆ ಕೂತಿರುವುದಕ್ಕೆ ಬದಲು ಇದನ್ನಾದರೂ ಮಾಡು, ಅಪ್ಪ" ಎಂದ. ದನಿಯಲ್ಲಿ ಬೇಸರವೇ ಹೆಚ್ಚಾಗಿತ್ತು. ತಂದೆ ನೆಲದ ಮೇಲೆ ಕುಳಿತು, ಎಡಗಾಲಿನ ಹೆಬ್ಬೆರಳನ್ನು ಉಳಿಗೆ ಆನಿಕೆಯಾಗಿ ಕೊಟ್ಟು, ಬಲಗೈಯಲ್ಲಿ ಬಿಲ್ಲು ಹಿಡಿದು ಎಳೆಯತೊಡಗಿದ. ಬಿಳಿಯ ಹೊಟ್ಟು ಸುರುಳಿಸುರುಳಿಯಾಗಿ ಬೀಳುತ್ತಿರಲು ಜನ ನಿಂತರು. ನಿಂತವರನ್ನು ಕಂಡು ಮತ್ತಷ್ಟು ಜನ ನಿಂತರು. ಹತ್ತು ನಿಮಿಷದಲ್ಲಿ ಒಂದು ಪುಟ್ಟ ಬುಗುರಿ ಹುಟ್ಟಿತು. ಹಳದಿಯ ಕಡ್ಡಿ ತಾಗಿದೊಡನೆ ಅರಳಿತು. ಗುಂಪಿನಲ್ಲಿದ್ದ ಅಜ್ಜಿಯೊಬ್ಬರು "ನನ್ನ ತೌರಿನಲ್ಲಿ ತೊಟ್ಟಿಲ ಗುಂಡು ಹೀಗೇ ಮಾಡಿಕೊಡುತ್ತಿದ್ದರು" ಎಂದು ಯಾರಿಗೆಂದಲ್ಲದೆ ಹೇಳಿಕೊಂಡರು. ಆ ಸಂಜೆ ಮೊದಲ ಬಾರಿಗೆ ನನ್ನ ಲೇಖನಿಗೆ ಕೆಲಸ ಬಂದಿತು.

ಕನ್ನಡಕ ಹಾಕಿದ ಯುವಕನೊಬ್ಬ ಕೇಳಿದ: "ಇವನ್ನೆಲ್ಲ ಹೀಗೆ ಕೈಯಲ್ಲೇ ಮಾಡಿದ್ದೀರಾ?" ಹೌದೆಂದರೆ ಮಾರಾಟ ಖಂಡಿತ, ನಾನು ಕೂಡ ಆ ಉತ್ತರವನ್ನೇ ನಿರೀಕ್ಷಿಸಿದ್ದೆ. ತಂದೆ ತಲೆಯೆತ್ತಿ, "ಇಲ್ಲ ಸ್ವಾಮಿ, ಇದೊಂದು ಮಾತ್ರ ಬಿಲ್ಲಿನದು. ಉಳಿದವು ಕರೆಂಟಿನ ಯಂತ್ರದ ಮೇಲೆ ಮಾಡಿದವು. ಯಂತ್ರ ಮರವನ್ನು ತಿರುಗಿಸುತ್ತದೆ, ಉಳಿ ಹಿಡಿಯುವುದು ನನ್ನ ಕೈ" ಎಂದ. ಯುವಕ ಸ್ವಲ್ಪ ಯೋಚಿಸಿ ಎರಡು ಬುಗುರಿ ಕೊಂಡ. ಕೈಯಿಂದ ಮಾಡಿದ್ದು ಎಂಬ ಮಾತಿನ ಎಲ್ಲೆ ಎಲ್ಲಿದೆಯೆಂದು ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಎರಡು ಬುಗುರಿಗಳು ಒಂದೇ ಅಳತೆಯವಾದರೂ ಅವುಗಳ ಸೊಂಟ ಒಂದೇ ಆಗಿರಲಿಲ್ಲ ಎಂಬುದಷ್ಟೆ ನನಗೆ ಹೇಳಲು ತಿಳಿಯುವ ಉತ್ತರ.

ಸೋಮವಾರ ಪರಿಷೆಯ ಮುಖ್ಯ ದಿನ. ಕಾಲಿಡಲು ಸ್ಥಳವಿರಲಿಲ್ಲ. ಅಂದು ಏಳು ಬಳೆಯ ಗೋಪುರಕ್ಕೆ ಗಿರಾಕಿಗಳು ಬಂದರು. ಬೆಲೆ ಇನ್ನೂರ ಎಂಬತ್ತು. ಸಭ್ಯರಾದ ಒಬ್ಬ ಗೃಹಸ್ಥರು ನೂರ ಐವತ್ತಕ್ಕೆ ಕೇಳಿದರು. ಪರಿಷೆಯೆಂದ ಮೇಲೆ ಚೌಕಾಸಿ ಇರಬೇಕಲ್ಲವೆ ಎಂದು ನಕ್ಕರು. ಚೌಕಾಸಿ ತಪ್ಪೆಂದು ನಾನೂ ಹೇಳುವುದಿಲ್ಲ. ನನ್ನ ತಾಯಿ ಅದರಲ್ಲಿ ನಿಸ್ಸೀಮಳಾಗಿದ್ದಳು. ಆದರೆ ಆಗ ನನ್ನ ಮಡಿಲಲ್ಲಿ ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ಬರೆದದ್ದು ಹೀಗೆ: ಕಡೆಯುವಾಗ ಹೊಟ್ಟಾಗಿ ಹೋಗುವ ಭಾಗವೂ ಸೇರಿ ಮರಕ್ಕೆ ನಲವತ್ತೈದು ರೂಪಾಯಿ, ಅರಗು ಬಣ್ಣಗಳಿಗೆ ಮೂವತ್ತು, ವಿದ್ಯುತ್ತಿಗೂ ಉಳಿಗಳ ಸಾಣೆಗೂ ಹತ್ತು, ಬಾಡಿಗೆ ಊಟ ದೀಪಗಳ ಪಾಲು ಮೂವತ್ತೈದು. ಕೈ ಕೆಲಸದ ಕೂಲಿ ಸೇರುವ ಮೊದಲೇ ನೂರ ಇಪ್ಪತ್ತು. ಗೋಪುರವೊಂದಕ್ಕೆ ಎರಡು ಗಂಟೆಯ ಕೆಲಸ. ಇನ್ನೂರ ಎಂಬತ್ತಕ್ಕೆ ಮಾರಿದರೆ ಗಂಟೆಗೆ ಎಂಬತ್ತು ರೂಪಾಯಿ ದೊರೆಯುತ್ತದೆ. ನೂರ ಐವತ್ತಕ್ಕೆ ಕೊಟ್ಟರೆ ಗಂಟೆಗೆ ಹದಿನೈದು. ಗೃಹಸ್ಥರು ಕೇಳಿದ್ದು ಬೆಲೆಯ ಅರ್ಧದಷ್ಟನ್ನಲ್ಲವೆ? ಆದರೆ ಕೂಲಿ ಅರ್ಧವಾಗಲಿಲ್ಲ, ಐದರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಮರದ ಬೆಲೆ ಚೌಕಾಸಿಗೆ ಇಳಿಯುವುದಿಲ್ಲ, ಟೆಂಪೊದ ಬಾಡಿಗೆ ಇಳಿಯುವುದಿಲ್ಲ. ಇಳಿಯುವುದು ಕೈಯ ಕೂಲಿಯೊಂದೇ.

ಆ ಮನುಷ್ಯರಿಗೆ ತಂದೆ ಕೊಡಲಿಲ್ಲ. ಆದರೆ ರಾತ್ರಿ ಒಂಬತ್ತರ ಹೊತ್ತಿಗೆ, ಉಳಿದ ಸರಕನ್ನು ಕಂಡು ಧೈರ್ಯ ಕುಂದಿ, ಬಂದ ಇಬ್ಬರಿಗೆ ಇನ್ನೂರರಂತೆ ಗೋಪುರಗಳನ್ನು ಕೊಟ್ಟುಬಿಟ್ಟ. ಮಗನ ಮುಖ ಕೆಂಪೇರಿತು. "ಬೆಳಿಗ್ಗೆ ಇನ್ನೂರ ಎಂಬತ್ತು ಕೊಟ್ಟು ಹೋದ ಹೆಂಗಸು ಈಗ ಬಂದು ಕೇಳಿದರೆ ಏನು ಹೇಳುತ್ತೀ?" ಎಂದ. ತಂದೆ ಉತ್ತರ ಕೊಡಲಿಲ್ಲ. ನಾನು ಪುಸ್ತಕದಲ್ಲಿ ಇನ್ನೂರು, ಇನ್ನೂರು ಎಂದು ಬರೆದೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದರೆ ಮರದ ಸಾಲ ತೀರಿಸಬೇಕಾದವನು ತಂದೆ.

ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದದ್ದು ಮಂಗಳವಾರದ ಪ್ರಸಂಗ. ಎಂಟು ತಿಂಗಳ ಮಗುವನ್ನು ಎತ್ತಿಕೊಂಡ ತರುಣಿಯೊಬ್ಬಳು ಬಂದಳು. ಮಗು ಕಪ್ಪು ಬಣ್ಣದ ಕುದುರೆಯೊಂದಕ್ಕೆ ಕೈ ಚಾಚಿತು. ನಾನ್ನೂರು ರೂಪಾಯಿಯ ಕುದುರೆ, ನಮ್ಮ ಅಂಗಡಿಯಲ್ಲೇ ಹೆಚ್ಚು ಬೆಲೆಯದು. ಆಕೆ ಚೌಕಾಸಿ ಮಾಡಲಿಲ್ಲ, ಹಣ ತೆಗೆಯುತ್ತಲೇ, "ಮಗು ಬಾಯಿಗಿಟ್ಟರೆ ಏನೂ ಆಗುವುದಿಲ್ಲವಷ್ಟೆ?" ಎಂದು ವಾಡಿಕೆಯಂತೆ ಕೇಳಿದಳು. ತಂದೆ ಕುದುರೆಯನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡ. "ಇದು ಬೇಡ ತಾಯಿ. ಇದರ ಕಪ್ಪು ಅಂಗಡಿಯಿಂದ ತಂದ ಬಣ್ಣ. ಷೋಕೇಸಿನಲ್ಲಿ ಇಡುವವರಿಗೆ ಮಾಡಿದ್ದು. ಈ ಗಿಲಕಿ ಅರಿಶಿನದ್ದು, ಇದನ್ನು ಕೊಡಿ, ಕಚ್ಚಲಿ" ಎಂದು ಹಳದಿಯ ಗಿಲಕಿಯನ್ನು ನೀಡಿದ. ಆಕೆ ಗಿಲಕಿಯನ್ನೂ, ಕುದುರೆಯನ್ನೂ, ಅವನ ಮುಖವನ್ನೂ ನೋಡಿದಳು. ಅನುಮಾನ ಒಮ್ಮೆ ಹುಟ್ಟಿದರೆ ಎಲ್ಲದರ ಮೇಲೂ ಹರಡುತ್ತದೆ. "ಇರಲಿ, ಆಮೇಲೆ ಬರುತ್ತೇನೆ" ಎಂದು ಹೊರಟುಹೋದಳು. ಮತ್ತೆ ಬರಲಿಲ್ಲ.

ಮಗನಿಗೆ ತಡೆಯಲಾಗಲಿಲ್ಲ. ಎಲ್ಲರೂ ಒಂದೇ ರಾಶಿಯಲ್ಲಿ ಹಾಕಿ ಮಾರುವಾಗ ನಿನಗೊಬ್ಬನಿಗೇಕೆ ಈ ಹರಿಶ್ಚಂದ್ರತನ ಎಂದು ಕೇಳಿದ. ತಂದೆ ಶಾಂತವಾಗಿಯೇ ಹೇಳಿದ: ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ, ಕೊಂಡವರು ಬಣ್ಣ ಹೋಯಿತೆಂದು ದೂರುತ್ತಾರೆ, ಗಾಢವಾದ ಕಪ್ಪು ಬೇಕೆಂದು ಕೇಳುತ್ತಾರೆ, ಆದ್ದರಿಂದ ಎರಡು ಬಗೆಯನ್ನೂ ಮಾಡುತ್ತೇನೆ. ಆದರೆ ಎಳೆಯ ಮಗುವಿನ ಕೈಗೆ ಯಾವುದು ಹೋಗುತ್ತದೆಂದು ತನಗೆ ಗೊತ್ತಿರಬೇಕು. "ಅವಳಿಗೆ ತಿಳಿಯುತ್ತಿರಲಿಲ್ಲ, ನಿಜ. ನನಗೆ ತಿಳಿದಿತ್ತಲ್ಲ" ಎಂದ. ಮಗ ಸುಮ್ಮನಾದ. ಕೋಪದಿಂದಲೋ ಒಪ್ಪಿಯೋ ನನಗೆ ಗೊತ್ತಾಗಲಿಲ್ಲ. ನಾನೂರು ರೂಪಾಯಿ ಬರಬೇಕಾಗಿದ್ದ ಸಾಲನ್ನು ನಾನು ಪುಸ್ತಕದಲ್ಲಿ ಬರೆಯಲು ತೊಡಗಿದ್ದೆ, ಹೊಡೆದುಹಾಕಿದೆ. ಆ ಗೀಟು ಇಂದಿಗೂ ಆ ಪುಟದಲ್ಲಿದೆ.

ಆಟಿಕೆಗಳ ಸುರಕ್ಷತೆಗಾಗಿ ಸರ್ಕಾರದ ಕಟ್ಟಳೆಯೊಂದು 2021ರ ಜನವರಿಯಿಂದ ಜಾರಿಯಲ್ಲಿದೆ. ಕಾರ್ಖಾನೆಯ ಆಟಿಕೆಗಳಿಗೆ ಐ.ಎಸ್.ಐ. ಗುರುತು ಬೇಕು. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ಅದರಿಂದ ವಿನಾಯಿತಿ ಇದೆ. ಪ್ರಯೋಗಾಲಯಕ್ಕೆ ಗೊಂಬೆ ಕಳುಹಿಸಿ ಶುಲ್ಕ ತೆರುವ ಶಕ್ತಿ ಬಡ ಕಸುಬುದಾರನಿಗೆ ಎಲ್ಲಿಂದ ಬರಬೇಕು? ವಿನಾಯಿತಿ ಸರಿಯಾದುದೇ. ಆದರೆ ಗುರುತು ಇಲ್ಲದ ಕಡೆ ಕೊಳ್ಳುವವಳಿಗೆ ಆಧಾರವಾಗಿ ಉಳಿಯುವುದು ಮಾರುವವನ ಬಾಯಿಮಾತು ಮಾತ್ರ.

ಮಂಗಳವಾರ ರಾತ್ರಿ ದೀಪದ ಕೆಳಗೆ ಮೂವರೂ ಕುಳಿತು ಮೊತ್ತ ಹಾಕಿದೆವು. ಮೂರು ದಿನದ ಮಾರಾಟ ಮೂವತ್ತೊಂದು ಸಾವಿರದ ನಾನೂರು ರೂಪಾಯಿ. ಮಾರಿದ ಗೊಂಬೆಗಳ ಮರ, ಅರಗು, ವಿದ್ಯುತ್ತುಗಳಿಗೆ ಒಂಬತ್ತು ಸಾವಿರದ ಮುನ್ನೂರು. ಟೆಂಪೊ, ಸ್ಥಳ, ಊಟ, ದೀಪಗಳಿಗೆ ಏಳು ಸಾವಿರದ ನೂರು. ಉಳಿದದ್ದು ಹದಿನೈದು ಸಾವಿರ. ಮೊತ್ತವನ್ನು ಕೇಳಿ ತಂದೆಯ ಮುಖ ಅರಳಿತು. ಮೂರು ದಿನಕ್ಕೆ ಹದಿನೈದು ಸಾವಿರವೆಂದರೆ ಸಾಮಾನ್ಯವೆ! ಮಗ ನನ್ನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ಆ ಗೊಂಬೆಗಳನ್ನು ಕಡೆಯಲು ಎಷ್ಟು ದಿನ ಹಿಡಿಯಿತೆಂದು ತಂದೆಯನ್ನು ಕೇಳಿದ. ಇಪ್ಪತ್ತನಾಲ್ಕು. ಮಾರಿದ ಮೂರು ದಿನವೂ ಸೇರಿ ಇಪ್ಪತ್ತೇಳು. ಭಾಗಿಸಿದ. ದಿನಕ್ಕೆ ಐನೂರ ಐವತ್ತೈದು ರೂಪಾಯಿಯ ಮೇಲೆ ಕೆಲವು ಪೈಸೆ. "ಪರಿಷೆ ವರ್ಷಕ್ಕೊಂದು ಸಲ" ಎಂದಷ್ಟೇ ಹೇಳಿ ಪುಸ್ತಕವನ್ನು ಹಿಂದಕ್ಕೆ ಕೊಟ್ಟ. ಗಣಿತದಲ್ಲಿ ಅವನದು ತಪ್ಪಿರಲಿಲ್ಲ. ನನಗೆ ಆಡಲು ಮಾತು ತೋಚಲಿಲ್ಲ. ಮೇಷ್ಟರಾಗಿ ಮೂವತ್ತೈದು ವರ್ಷ ಮಾತಾಡಿದವನಿಗೆ ಹಾಗಾಗುವುದು ಅಪರೂಪ.

ಉಳಿದ ಗೊಂಬೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗಳಿಗೆ ತುಂಬಿದೆವು. ನನಗೆ ಸಂಭಾವನೆಯೆಂದು ಎರಡು ಸೇರು ಕಡಲೆಕಾಯಿಯೂ, ಪರಿಷೆಯಲ್ಲಿ ಬಿಲ್ಲಿನಿಂದ ಕಡೆದ ಮೊದಲ ಹಳದಿ ಬುಗುರಿಯೂ ದೊರೆತವು. ಅದನ್ನು ಯಾರಿಗೂ ಮಾರದೆ ತೆಗೆದಿಟ್ಟಿದ್ದನಂತೆ.

ಮಗ ಮರುವಾರವೇ ಕಾರ್ಖಾನೆಗೆ ಸೇರಿದನೆಂದು ತಿಳಿಯಿತು. ಮುಂದಿನ ವರ್ಷ ಪರಿಷೆ ತಡವಾಗಿ ಬಂದಿತು, ಡಿಸೆಂಬರ್ 11ಕ್ಕೆ. ನಾನು ಎಂದಿನಂತೆ ಕೊಳ್ಳುವವನಾಗಿ ಹೋದೆ. ಅದೇ ತಗ್ಗು ಹಲಗೆಗಳು. ಆದರೆ ಗೊಂಬೆಗಳು ಎರಡು ರಾಶಿಯಾಗಿದ್ದವು. ಒಂದರ ಮುಂದೆ ದಪ್ಪ ಅಕ್ಷರದಲ್ಲಿ "ಕೂಸುಗಳಿಗೆ" ಎಂದೂ, ಇನ್ನೊಂದರ ಮುಂದೆ "ಅಲಂಕಾರಕ್ಕೆ" ಎಂದೂ ಬರೆದ ರಟ್ಟು. ಗೋಪುರದ ಬೆಲೆ ಮುನ್ನೂರು, ಅದೂ ಬರೆದಿತ್ತು. ಬಿಲ್ಲಿನ ತಿರುಗಣೆಯ ಮುಂದೆ ಕುಳಿತಿದ್ದವನು ಮಗ. ಉಳಿಯನ್ನು ಹಿಂದೆಗೆಯುವ ಹದ ಅವನಿಗಿನ್ನೂ ಕೂಡಿಬಂದಿರಲಿಲ್ಲ. ಮರ ಎರಡು ಸಲ ಹಾರಿ ಹೊರಬಿದ್ದಿತು. ನನ್ನನ್ನು ಕಂಡು, "ಮೂರು ದಿನ ರಜೆ ಹಾಕಿದ್ದೇನೆ, ಮೇಷ್ಟ್ರೆ" ಎಂದು ಮತ್ತೆ ಬಿಲ್ಲನ್ನು ಎಳೆದ.